ಕಿನ್ನರ

ಹೆಬ್ಬೆಟ್ಟು ಸುತ್ತಿ ಹಿಡೀಬ್ಯಾಡ ಅಂದಿದ್ದ ದಸ್ತಗೀರ ಮಾಮಾ,
ನಾಕು ಬಟ್ಟಿನ ಕೂಡನ ಇರಲಿ ಅದೂ,
ಹ್ಯಾಂಡಲ್ ತಿರುಗಿ ಒದ್ದರ ಮಣಿಕಟ್ಟು ಕಳಚತೈತಿ ತಮ್ಮಾ.
ಉಮದಿಯ ಥಂಡಿ ನಸುಕು. ಉದ್ದ ಮೂಗಿನ ಫಾರ್ಗೊ
ಜ್ವರ ಬಂದ ಎಮ್ಮಿ ಹಂಗ ನಿಂತಿತ್ತು.
ನಾನು ಕೇಳಲಿಲ್ಲ.
ಅದು ಒದೀತು.
ಇವತ್ತಿಗೂ ಮಳಿ ಬರೂದು ನನ್ನ ಬಲಗೈಗೆ
ರೇಡಿಯೋಕ್ಕಿಂತ ಮೊದಲ ಗೊತ್ತಾಗತೈತಿ.

ಸಾಲ್ಯಾಗ ನನ್ನ ಹೆಸರು ಮಲಕಾರಿ. ರೋಡಿನ ಮ್ಯಾಲ ಕಿನ್ನರ.
ಕ್ಲೀನರ್ ಅನ್ನೂ ಶಬ್ದ ಸೊಲ್ಲಾಪುರ ದಾಟೂದ್ರಾಗ
ಟಾಯರಿನ ಹಂಗ ಸವದು ಕಿನ್ನರ ಆಗಿತ್ತು.
ಪುರಾಣದ ಕಿನ್ನರರಿಗೆ ಕುದುರಿ ಮೋರಿ ಅಂತ, ಹಾಡತಾರಂತ.
ನನ್ನ ಮೋರಿಗೆ ಮಸಿ. ನನ್ನ ಹಾಡು ಎರಡ ಶಬ್ದ:
ಬರ್ಲಿ… ಬರ್ಲಿ… ಬರ್ಲಿ… ಹೋಲ್ಡಾನ್!

ಹಲಗಿ ಮ್ಯಾಲ ಒಂದ ಏಟು ಬಡದ್ರ ನಿಲ್ಲು,
ಎರಡ ಬಡದ್ರ ನಡಿ.
ಇಷ್ಟ ವ್ಯಾಕರಣದಾಗ ಹನ್ನೊಂದ ವರ್ಷ ಮಾತಾಡಿದ್ವಿ.

ಒಮ್ಮೆ ಉಳ್ಳಾಗಡ್ಡಿ ಹೇರಿ ಕಲ್ಕತ್ತಾಕ ಹೊಂಟಾಗ
ನಾಗಪುರದ ಜಕಾತಿ ನಾಕಾದಾಗ ಐದ ದಿನ ನಿಂತ್ವಿ.
ತಾಡಪತ್ರಿ ಬಿಚ್ಚಿದರ ಲಾರಿ ಮ್ಯಾಲ ಹಸರ ಹೊಲ.
ಮಾಮಾ ಬೈದ, ನಕ್ಕ, ಮ್ಯಾಲ ಹತ್ತಿ
ಆ ಮೊಳಕಿ ಸೊಪ್ಪು ಕೊಯ್ದು ಝುಣಕಾ ಮಾಡಿದ.
ಮಾಲಕನ ಲುಕ್ಸಾನದ ರುಚಿ
ಭಾಳ ಛಲೋ ಇತ್ತು.

ಘಾಟು ಏರುವಾಗ ಹಿಂದಿನ ಗಾಲಿ ಬಾಜೂಕ
ಕರಿಜಾಲಿ ತುಂಡು ಹಿಡದು ನಡೀತಿದ್ದೆ,
ನನಗಿಂತ ಹಗೂರ ಏರತಿತ್ತು ಅದು.
ಗೇರು ಜಾರಿದರ, ಅಷ್ಟು ಟನ್ನಿಗೂ ಕೆಳಗಿನ ಊರಿಗೂ ನಡುವ
ನಾನು, ಮತ್ತ ಆ ಕಟ್ಟಿಗಿ.
ಹೆದರಿಕಿ ಆಗತಿರಲಿಲ್ಲೇನು ಅಂತಿದ್ಲು ಹೇಂತಿ.
ಆಗತಿತ್ತು.
ಗಾಲಿಯ ನಟ್ಟು ಎಣಸತಿದ್ದೆ.

ನೆನಪು ಬರೇ ಛಲೋದನ್ನ ಹೇರಿಕೊಂಡು ಬರತೈತಿ,
ತೂಕದ ಕಾಂಟಾ ತಪ್ಪಿಸಿ.
ಮಾಮಾ ಪಾನಾ ಎಸೀತಿದ್ದ, ತಲಿ ನೋಡತಿರಲಿಲ್ಲ.
ನನ್ನ ಮಗಳು ಹುಟ್ಟಿದ್ದು ನನಗ ಗೊತ್ತಾಗಿದ್ದು ರಾಯಪುರದ ಆಚೆ,
ಎದುರಿಂದ ಬಂದ ಜತ್ತದ ಲಾರಿಯಿಂದ,
ಕಿಟಕಿಯಿಂದ ಕಿಟಕಿಗೆ, ಇಂಜಿನ್ ಸಪ್ಪಳದಾಗ.
ಅಷ್ಟೊತ್ತಿಗೆ ಆಕಿಗೆ ಹದಿನೆಂಟ ದಿನ.
ಗಂಡೋ ಹೆಣ್ಣೋ ಕೇಳೂದ್ರಾಗ
ಅವನ ಹಿಂದಿನ ಲೈಟು ಸಣ್ಣದಾಗಿತ್ತು.

ಫಾರ್ಗೊದ ಹಿಂದಿನ ಹಲಗಿ ಈಗ
ಮಾಮಾನ ಮಗಳು ರಜಿಯಾನ ಆಡಿನ ಕೊಟ್ಟಿಗಿಗೆ ಬಾಗಿಲ.
‘ಫಿರ್ ಮಿಲೇಂ’ ಅಂತ ಉಳದೈತಿ. ‘ಗೇ’ ಆಡು ತಿಂದಾವ.
ಮಾಮಾನ ಜನಾಜಾಕ್ಕ ನಾನೂ ಹೆಗಲ ಕೊಟ್ಟಿದ್ದೆ.
ಕಬರಸ್ತಾನದ ಗೇಟಿನ್ಯಾಗ ಕೈ ತಾನ ಎದ್ದಿತ್ತು,
ಎರಡ ಬಡೀಬೇಕಂತ.
ಮಂದಿ ನೋಡಿದರು.
ಇಳಿಸಿದೆ.

ಈಗ ನಾನು ಮಣೂಕಾ ಕೋಲ್ಡ್ ಸ್ಟೋರೇಜಿನ ಗೇಟು ಕಾಯತೀನಿ.
ಹದಿನಾಕ ಗಾಲಿಯ ಗಾಡಿ ಬರತಾವ.
ಗಾಜು ಮುಚ್ಚಿದ ಕ್ಯಾಬಿನ್ನಿನ್ಯಾಗ ಒಬ್ಬನ ಹುಡುಗ,
ಫೋನಿನೊಳಗಿನ ಹೆಣ್ಣದನಿ ಎಡಕ ಬಲಕ ಹೇಳತೈತಿ,
ಬೈಯೂದಿಲ್ಲ, ಊಟ ಆತೇನು ಅಂತ ಕೇಳೂದಿಲ್ಲ.
ಕಿನ್ನರ ಎಲ್ಲಪಾ ಅಂದೆ ನಿನ್ನಿ ರಾತ್ರಿ.
ಹಾಂಗಂದ್ರ ಯಾರು ಕಾಕಾ? ಹಿಂದ ಕ್ಯಾಮೆರಾ ಐತಲ್ಲ.

ಕ್ಯಾಮೆರಾಕ್ಕ ಕೆಸರ ಹತ್ತಿತ್ತು.
ಹಿಂದ ಹೋಗಿ ನಿಂತೆ.
ಬರ್ಲಿ… ಬರ್ಲಿ…
ಗ್ವಾಡಿಗೆ ಒಂದ ಗೇಣು ಇದ್ದಾಗ
ತಣ್ಣನ ತಗಡಿನ ಮ್ಯಾಲ ಒಂದ ಏಟು.
ಯಾರೂ ಕಲಿಸಿರಲಿಲ್ಲ ಅವನಿಗೆ. ಆದರೂ ನಿಂತ.

ಮಣಿಕಟ್ಟು ಜುಂ ಅಂತು, ಬಡದದ್ದಕ್ಕಲ್ಲ, ಒಳಗಿನಿಂದ.
ನಾಳಿಗೆ ಮಳಿ.
ದ್ರಾಕ್ಷಿ ಒಣಹಾಕಿದವರಿಗೆ ಹೇಳಿ ಬರಬೇಕು,
ತಾಡಪತ್ರಿ ಎಳಕೋರಿ ಅಂತ.