ಒಂದು ಹೋದಲ್ಲಿಗೆ ಎರಡು

ಬೈತಕೋಲ ಬಂದರಿನ ಸೊಸೈಟಿ ಆಫೀಸಿನಲ್ಲಿ
ಐಸ್ ಪುಡಿಮಾಡುವ ಕೋಣೆಗೆ ಬೆನ್ನು ಕೊಟ್ಟು
ಒಂದು ಕಂಪ್ಯೂಟರು. ಮೌಸಿಗೂ ಮೀನಿನ ವಾಸನೆ.
ರಾತ್ರಿ ಮೂರಕ್ಕೆ ತಾನೇ ಎದ್ದು
ತಕ್ಕಡಿಗಳು ಕಳಿಸಿದ ತೂಕ ಕೂಡಿಸುತ್ತದೆ:
ಯಾವ ಬೋಟು, ಎಷ್ಟು ಬುಟ್ಟಿ, ಬಂಗಡೆಯೋ ತಾರ್ಲೆಯೋ.
ಸ್ಕ್ರಿಪ್ಟು ನನ್ನದು. ನಲವತ್ತೊಂದು ಸಾಲು.

ಅದಕ್ಕೆ ಎರಡು ಬಾಯಿ.
ಒಂದರಿಂದ ಲೆಕ್ಕ, ಎರಡರಿಂದ ತಕರಾರು.
(ಸೊನ್ನೆ ಕಿವಿ; ಅದರ ಸುದ್ದಿ ಇವತ್ತು ಬೇಡ.)
ಹಾಗೇ ಬಿಟ್ಟರೆ ಎರಡೂ ಪರದೆಗೇ ಸುರಿದು
ಕೋಡಿಬಾಗದ ಅಳಿವೆಯ ಹಾಗೆ,
ಕಾಳಿ ಯಾವುದು, ಕಡಲು ಯಾವುದು,
ನಾಲಗೆಗೇ ಗೊತ್ತು.

ಮೊದಮೊದಲು ಬೆಳಿಗ್ಗೆ ಬಂದರೆ ಪರದೆ ತುಂಬ ಗೊಣಗಾಟ:
ಈ ಫೈಲಿಲ್ಲ, ಆ ಸಾಲು ಅರ್ಧ, ಇದು ಅಂಕಿಯೇ ಅಲ್ಲ.
ಚಹಾ ಆರುವ ಮೊದಲೇ ಬೇಜಾರು.
ಎರಡನ್ನು ಡೆವ್ ನಲ್‌ಗೆ ತಿರುಗಿಸಿಬಿಟ್ಟೆ.
ತಳವಿಲ್ಲದ ಹೊಂಡ ಅದು,
ಎಸೆದದ್ದು ಬುಳಕ್ ಅನ್ನುವುದೂ ಇಲ್ಲ.
ಎಂಥ ಶಾಂತಿ! ಎಂಟು ತಿಂಗಳು
ನಾನು ಒಂದೂ ತಪ್ಪು ಮಾಡಲಿಲ್ಲ.

ಆಗಸ್ಟಿನಲ್ಲಿ ಬೋಟು ಇಳಿದ ವಾರ
ಗುಣವಂತಿ ಹರಿಕಂತ್ರ ಕೌಂಟರಿಗೆ ಬಂದು
ಸೆರಗಿನ ಗಂಟು ಬಿಚ್ಚಿದಳು. ಮೂರು ಚೀಟಿ,
ಒದ್ದೆ, ಪೆನ್ಸಿಲಿನ ಬರಹ.
"ನಮ್ಮ ಹೊಸ ಬೋಟಿನ ಮೂರು ರಾತ್ರಿಯ ತೂಕ
ನಿಮ್ಮ ಪಟ್ಟಿಯಲ್ಲಿಲ್ಲ ಮಾರಾಯ್ರೆ.
ಮೀನೇನು ವಾಪಸ್ ಸಮುದ್ರಕ್ಕೆ ಹಾರಿತೋ?"

ಬೋಟಿನ ಹೆಸರು ಜಲ ಪದ್ಮ.
ನಡುವೆ ಬೆರಳಗಲ ಜಾಗ.
ಜಲ ಎಂಬ ಫೈಲಿಲ್ಲ, ಪದ್ಮ ಎಂಬ ಫೈಲಿಲ್ಲ,
ಮೂರೂ ರಾತ್ರಿ ಕೂಗಿ ಹೇಳಿತ್ತು.
ನಾನು ಹೊಂಡ ತೋರಿಸಿದ್ದೆ.

ಅವತ್ತು ರಾತ್ರಿ ಕೂತೆ.
ಹೆಸರಿಗೆ ಉದ್ಧರಣ ಚಿಹ್ನೆ ತೊಡಿಸಿದೆ.
ಆಮೇಲೆ, ಮನೆಯ ಲ್ಯಾಪ್‌ಟಾಪಿನಲ್ಲಿ ಕಲಿತ ಒಳದಾರಿ: &>
ಅಲ್ಲಿ ಓಡುತ್ತದೆ. ಇಲ್ಲಿಯ ಬಡ ಶೆಲ್ಲಿಗೆ ಆ ಸಂಧಿ ತಿಳಿಯದು.
ಬಿಡಿಸಿ ಓದಿತು:
& ಅಂದರೆ ಕೆಲಸವನ್ನು ಹಿತ್ತಲಿಗೆ ಕಳಿಸು,
> ಅಂದರೆ ಕಡತ ಖಾಲಿ ಮಾಡು.
ಎರಡನ್ನೂ ವಿಧೇಯವಾಗಿ ಮಾಡಿ
ಎಲ್ಲ ಸರಿ ಅಂದಿತು.

ಮತ್ತೆ ಬರೆದೆ: 2>&1 >>ಲಾಗ್
ಅಕ್ಕ ಇದ್ದಲ್ಲಿಗೆ ಹೋಗು ಅಂದೆ ಎರಡಕ್ಕೆ,
ಅಂದ ಮೇಲೆ ಅಕ್ಕನನ್ನು ಬೇರೆ ಮನೆಗೆ ಕಳಿಸಿದೆ.
ತಂಗಿ ಹಳೆಯ ಜಗಲಿಯಲ್ಲೇ ನಿಂತು ಕೂಗುತ್ತಿದ್ದಾಳೆ.
ತಪ್ಪು ಅವಳದಲ್ಲ.
ಹೇಳಿದ ಗಳಿಗೆಯಲ್ಲಿ ಅಕ್ಕ ಅಲ್ಲೇ ಇದ್ದಳಲ್ಲ.

ತಿರುಗಿಸಿದೆ: >>ಲಾಗ್ 2>&1
ಮೊದಲು ಅಕ್ಕ ಮನೆ ಬದಲಿಸಲಿ,
ಆಮೇಲೆ ತಂಗಿಗೆ ವಿಳಾಸ.
ಉದ್ದ ಮಾತು, ಆದರೆ ಎಲ್ಲ ಶೆಲ್ಲಿಗೂ ಅರ್ಥವಾಗುವ ಮಾತು.
ಬಾಣ ಎರಡು, ನಿನ್ನೆಯದನ್ನು ಇವತ್ತು ಅಳಿಸದ ಹಾಗೆ.

ಮರುದಿನ ಗುಣವಂತಿಯ ಚೀಟಿ ಇಟ್ಟುಕೊಂಡು
ಮೂರು ರಾತ್ರಿಯನ್ನು ಕೈಯಾರೆ ಏರಿಸಿದೆ.
ಎರಡು ಸಲೀಸು. ಮೂರನೆಯದು ನೀರು ಕುಡಿದು ಮಾಸಿತ್ತು:
ಎಪ್ಪತ್ತೋ, ತೊಂಬತ್ತೋ.
ಯಾವ ಲಾಗಿನಲ್ಲೂ ಇಲ್ಲ.
ತೊಂಬತ್ತು ಅಂದಳು, ಬುಟ್ಟಿ ಎತ್ತಿಕೊಳ್ಳುತ್ತ.
ತೊಂಬತ್ತು ಬರೆದೆ.