ಷರಾ

ತಹಸೀಲ್ದಾರರು ಫೋನಿನಲ್ಲಿ ಅಂದದ್ದು ಇಷ್ಟೇ:
‘ಬಾಣಾವರದ ಹತ್ತಿರ ಏನೋ ಹಾರಿದೆಯಂತೆ. ಮಹಜರು ಮಾಡಿ ಕಳಿಸಿ.’

ಕಳುವಿಗೆ ಮಾಡಿದ್ದೇನೆ, ಬಾವಿಗೆ ಬಿದ್ದ ಎಮ್ಮೆಗೆ,
ಸಿಡಿಲು ಸೀಳಿದ ತೆಂಗಿಗೆ.
ಎಲ್ಲಕ್ಕೂ ಮೊದಲು ಚಕ್ಕುಬಂದಿ ಬೇಕು:
ಪೂರ್ವಕ್ಕೆ ನಾರಿನ ಕಾರ್ಖಾನೆ, ಪಶ್ಚಿಮಕ್ಕೆ ರೈಲು ಹಳಿ,
ಉತ್ತರಕ್ಕೆ ಹುಣಸೆಮರ, ದಕ್ಷಿಣಕ್ಕೆ ಕೆರೆಕೋಡಿ.
ಮೇಲಕ್ಕೆ?
ನಮೂನೆಯಲ್ಲಿ ಮೇಲಕ್ಕೆ ಜಾಗವಿಲ್ಲ.

ಗಾತ್ರ ಎಷ್ಟಿತ್ತು ಅಂತ ಕೇಳಿದೆ.
ಗ್ಯಾಂಗ್‌ಮನ್ ಚೆಲುವಯ್ಯ, ಮೊರದಗಲ ಅಂದ.
ಕೊಬ್ಬರಿ ಕಾಯುವ ಹಾಲೇಶ, ಎರಡು ಲಾರಿ ಸ್ವಾಮಿ,
ಒಂದರ ಬೆನ್ನಿಗೊಂದು, ಹೆಡ್‌ಲೈಟ್ ಹಾಕ್ಕೊಂಡು.
ಅವನ ಮಗ ಹಾರುವ ತಟ್ಟೆ ಅಂದಾಗ
ಚೆಲುವಯ್ಯ ತಿರುಗಿ, ಸ್ಟೀಲಿಂದೋ ಹಿತ್ತಾಳೇದೋ ಅಂತ ಕೇಳಿದ,
ತಮಾಷೆಗಲ್ಲ.
ಹಾಸನದ ದೊಡ್ಡ ಛತ್ರಿಗಳೇ ಅದನ್ನು ಕೆಳಗೆಳೆದವು
ಅಂತ ಇನ್ನೊಬ್ಬ. ಹೆಸರು ಬರೆಸಲಿಲ್ಲ.

ಖುರ್ಷಿದಾಬಿ ಕೊನೆಗೆ ಬಂದಳು,
ಸೆರಗಿಗೆ, ರೆಪ್ಪೆಗೆ ನಾರಿನ ಧೂಳು.
‘ಅದನ್ನ ನಾನು ನೋಡಿಲ್ಲ ಸಾರ್.
ನನ್ನ ನೆರಳು ನೋಡ್ದೆ.
ಕಾಲ ಬುಡದಲ್ಲಿ ಎದ್ದು, ಗಡಿಯಾರದ ಮುಳ್ಳಿನ ಹಂಗೆ
ಗೋಡೆಯಿಂದ ಗೇಟಿನವರೆಗೆ ತಿರುಗ್ತು.
ಒಂಬತ್ತು ವರ್ಷ ರಾತ್ರಿ ಪಾಳಿ ಮಾಡಿದೀನಿ,
ಅಂಗಳದ ಆ ಮೂಲೇಲಿ ನಂಗೆ ನೆರಳು ಅಂತ ಬಿದ್ದದ್ದು ಅವತ್ತೇ.
ಗುಡುಗಿದ್ದು ಆಮೇಲೆ. ಎಷ್ಟೋ ಹೊತ್ತಾದ ಮೇಲೆ.’

ಬೆಂಗಳೂರಿನಿಂದ ವಿಜ್ಞಾನಿ ಮೇಡಂ ಬಂದರು.
ಕಾರ್ಖಾನೆಯ ಕ್ಯಾಮೆರಾದಲ್ಲಿ ಆಕಾಶವಿರಲಿಲ್ಲ,
ಖುರ್ಷಿದಾಳೂ ಇರಲಿಲ್ಲ,
ನೆಲದ ಮೇಲೆ ಜಾರುವ ಅವಳ ನೆರಳಿತ್ತು, ಐದು ಸೆಕೆಂಡು.
ಮೇಡಂ ಅದಕ್ಕೆ ನೂರು ಸಲ ಕೈಮುಗಿದ ಹಾಗೆ
ಹಿಂದೆ ಮುಂದೆ ಓಡಿಸಿ ನೋಡಿದರು.
ಅವಳನ್ನು ಅದೇ ಜಾಗದಲ್ಲಿ ನಿಲ್ಲಿಸಿ ಟೇಪು ಹಿಡಿದರು,
ಸಿಮೆಂಟಿನ ಬಿರುಕಿಗೆ ಸುಣ್ಣದ ಗುರುತು ಹಾಕಿದರು,
ಚಹಾ ತಣ್ಣಗಾಗಲು ಬಿಟ್ಟು ಕೋನ, ವೇಗ, ಎತ್ತರ ಬರೆದರು.

ವರದಿ ಬಂತು, ಮೂರು ಪುಟ.
ನಿಯಮದಂತೆ ಎಲ್ಲರ ಮುಂದೆ ಓದಿ ಹೇಳಿದೆ:
ಅಂಗಳದಲ್ಲಿದ್ದ ಲಂಬ ವಸ್ತುವೊಂದರ ನೆರಳನ್ನು ಆಧರಿಸಿ
ಸದರಿ ಬೆಳಕು ಉಲ್ಕೆಯೆಂದು ತೀರ್ಮಾನಿಸಲಾಗಿದೆ.
ಚೆಲುವಯ್ಯ ಹೆಬ್ಬೆಟ್ಟು ಒತ್ತಿದ.
ಹಾಲೇಶನಿಗೆ ಲಾರಿ ಬಿಟ್ಟುಕೊಡಲು ಮನಸ್ಸಿಲ್ಲ,
ಆದರೂ ಸಹಿ ಹಾಕಿದ.

‘ಲಂಬ ವಸ್ತು ಅಂದ್ರೆ ಏನು ಸಾರ್?’
ನೀನೇ ತಾಯಿ.
ನಕ್ಕಳು. ಬಾಯಿಗೆ ಸೆರಗು ಹಿಡಿದು, ಭುಜ ಕುಣಿಯುವಷ್ಟು.
ಆಮೇಲೆ: ‘ಎಷ್ಟುದ್ದ ಅಂತ ಬರೆದವ್ರೆ?’
ನಾಲ್ಕು ಅಡಿ ಹನ್ನೊಂದು ಅಂಗುಲ.
‘ಅವತ್ತು ತಲೆ ಮೇಲೆ ನಾರಿನ ಪಿಂಡಿ ಇತ್ತಲ್ಲ,
ಅದನ್ನ ಸೇರಿಸಿದ್ರಾ?’

ಫೋನು ಮಾಡಿದೆ.
ಆ ಕಡೆ ಮೌನ, ಕಾಗದದ ಸದ್ದು, ಪೆನ್ನಿನ ಸದ್ದು.
‘ಪಿಂಡಿ ಎಷ್ಟು ದಪ್ಪ ಕೇಳಿ.’
ಕೇಳಿದೆ. ಅವಳು ಮೊಳ ಹಾಕಿ ತೋರಿಸಿದಳು.

ಸಂಜೆಯ ಹೊತ್ತಿಗೆ ಉಲ್ಕೆ ಏಳು ಮೈಲಿ ಸರಿದಿತ್ತು,
ಕೆರೆಯಂಗಳ ಬಿಟ್ಟು ಜಾವಗಲ್ಲಿನ ಕಡೆಗೆ.
ಎರಡು ವಾರ ಜೋಳದ ಹೊಲದಲ್ಲಿ ಹುಡುಕಿದರು,
ಒಂದು ಕಲ್ಲೂ ಸಿಗಲಿಲ್ಲ.
ಕಡತ ಮುಕ್ತಾಯಗೊಳಿಸಲು ಆದೇಶವಾಯಿತು.

ಕೊನೆಯ ಪುಟದಲ್ಲಿ ಷರಾ ಕಾಲಂ ಖಾಲಿ ಇತ್ತು.
ಖಾಲಿ ಬಿಡಬಾರದು, ಗೆರೆ ಎಳೆಯಬೇಕು. ಎಳೆಯಲಿಲ್ಲ.
ಬರೆದೆ: ಲಂಬ ವಸ್ತುವಿನ ಹೆಸರು ಖುರ್ಷಿದಾಬಿ.
ತಲೆಯ ಮೇಲೆ ಪಿಂಡಿ ಇತ್ತು.