ಸಡಿಲಾಗಲು ಎಷ್ಟು ಹೊತ್ತು

ಶಿಡ್ಲಘಟ್ಟದ ಗಲ್ಲಿಯಲ್ಲಿ ಬೆಳಿಗ್ಗೆ ಆರೂವರೆಗೆ
ಖಮರುನ್ನೀಸಾಳ ಬೇಸಿನ್ನು ಆಗಲೇ ಕುದಿಯುತ್ತಿತ್ತು.
ನಾನು ಚಿಂತಾಮಣಿಯಿಂದ ಮೊದಲ ಬಸ್ಸಿಗೆ ಬಂದವಳು,
ಚೀಲದಲ್ಲಿ ಆರು ಖಾಲಿ ಶೀಶೆ.
ಗೂಡಿನ ಗೋಂದು ಕರಗಿದ ನೀರು ಬೇಕಿತ್ತು ನನಗೆ,
ಅವಳು ದಿನಾ ಮೋರಿಗೆ ಚೆಲ್ಲುವಂಥದು.

"ಇದನ್ನ ಒಯ್ದು ಏನ್ ಮಾಡ್ತೀರ?"
ತಿರುಚಿ ನೋಡ್ತೀನಿ ಅಂದೆ. ತಿರುಚಿ, ಹಾಗೇ ಹಿಡಿದು,
ತಿರುಚಿದ್ದನ್ನು ಅದು ಎಷ್ಟು ಹೊತ್ತಿಗೆ ಮರೆಯುತ್ತದೆ ಅಂತ.
ನಕ್ಕಳು,
ಬೆಂದು ಬೆಳ್ಳಗಾದ ಬೆರಳನ್ನು ಬಿಸಿನೀರಿಗೆ ಅದ್ದಿ
ಎಳೆಯ ತುದಿ ಹುಡುಕುತ್ತಲೇ.

ನೀರು ಧಾರಾಳವಿದ್ದರೆ, ಖಮರ್ ಬೀ, ಒಂದೊಂದು ಸರಪಳಿಯೂ
ತನ್ನಷ್ಟಕ್ಕೆ ಉಂಡೆ ಸುತ್ತಿ ತೇಲುತ್ತದೆ.
ಪಕ್ಕದ್ದರ ಪರಿವೆಯಿಲ್ಲ. ಎಳೆದು ಬಿಟ್ಟರೆ
ರೆಪ್ಪೆ ಬಡಿಯುವುದರೊಳಗೆ ಎಳೆದದ್ದು ಮರೆತಿರುತ್ತದೆ.
ಒಗ್ಗುವ ನೀರಾದರೆ ಕೈಕಾಲು ಚಾಚಿ ಹಿಗ್ಗುತ್ತದೆ.
ಒಗ್ಗದ್ದನ್ನು, ಒಂದಿಷ್ಟು ಸ್ಪಿರಿಟ್ಟನ್ನೋ ಏನನ್ನೋ, ಸುರಿದಿರೋ
ಮುದುಡಿ, ತನ್ನನ್ನೇ ತಾನು ತಬ್ಬಿಕೊಂಡು
ತಳಕ್ಕೆ.

"ನೀರು ಕಮ್ಮಿಯಾದರೆ?"

ಒಂದು ಇರುವ ಜಾಗದಲ್ಲಿ ಹತ್ತು.
ಒಂದರ ಕಂಕುಳಲ್ಲಿ ಇನ್ನೊಂದರ ಮಂಡಿ.
ಅಡ್ಡಕ್ಕೆ ಸರಿಯುವಂತಿಲ್ಲ, ಉದ್ದಕ್ಕೆ ಮಾತ್ರ.
ತಲೆ ನುಸುಳಿದ ದಾರಿಯಲ್ಲೇ ಮೈಯೂ ನುಸುಳಿ
ತೆವಳಿ ತೆವಳಿ ಆಚೆ ಬರಬೇಕು, ಹುಳದ ಹಾಗೆ.
(ಹುಳ ಇಲ್ಲೇ ಸತ್ತು ತೇಲುತ್ತಿದೆ, ವಾಸನೆ ಮೂಗಿಗೆ.)
ಉದ್ದ ಎರಡರಷ್ಟಾದರೆ
ಹೊತ್ತು ಎರಡರಷ್ಟಲ್ಲ, ಎಂಟರಷ್ಟು,
ಒಮ್ಮೊಮ್ಮೆ ಹತ್ತರಷ್ಟು.

ಅವಳು ಗಲ್ಲದಿಂದಲೇ ಗಲ್ಲಿ ತೋರಿಸಿದಳು:
ಗೂಡಿನ ಮೂಟೆಯ ಗಾಡಿ, ಎದುರಿಗೆ ಹಾಲಿನ ಸ್ಕೂಟರು,
ಹಿಂದೆ ಮಕ್ಕಳ ಆಟೋ. ಯಾರೂ ತಿರುಗುವಂತಿಲ್ಲ.
"ನಮ್ಮನೇನೂ ಹಂಗೇ. ಎರಡು ಕೋಣೆ, ಹದಿನಾಲ್ಕು ಜನ.
ವಾರಗಿತ್ತಿ ಷಾಹೀನಾ ಬೇರೆ ಹೋಗ್ತೀನಿ ಅಂದು ಮೂರು ವರ್ಷ.
ಇನ್ನೂ ಹೊರಗೆ ಬರ್ತಾನೇ ಇದಾಳೆ.
ಬೇಸಿನ್ನಿಗಾದರೆ ಒಂದು ಚೊಂಬು ನೀರು ಹುಯ್ಯಬಹುದು."

ಸಂಜೆ ಲ್ಯಾಬು. ಐದು ಶೀಶೆ ಹೇಳಿದಂತೆ ಕೇಳಿದವು.
ಆರನೆಯದು, ರಾತ್ರಿಯಿಡೀ ಮೂಲೆಯಲ್ಲಿ ಆರಿ
ಲೋಳೆಯಾಗಿ ಹೆಪ್ಪುಗಟ್ಟಿದ್ದು.
ಪರದೆಯ ಮೇಲೆ ಗೆರೆ ಇಳಿಯಿತು, ನಿಧಾನವಾಯಿತು,
ಅಡ್ಡ ಮಲಗಿತು. ಸೊನ್ನೆ ಇನ್ನೂ ಕೆಳಗಿತ್ತು.
ಜವಾನ ಮಳಿಗಪ್ಪ ಬೀಗದ ಗೊಂಚಲು ಕುಲುಕಿ ಎರಡು ಸಲ ಬಂದು ಹೋದ.
ಇನ್ನು ಹತ್ತೇ ನಿಮಿಷ ಅಂದೆ,
ಶೀಶೆಯ ಮೇಲೆ ಒಣಗಿ ಅಂಟಿದ್ದ
ಅವಳ ಹೆಬ್ಬೆರಳಿನ ಗುರುತನ್ನು
ಉಗುರಿನಿಂದ ಕೆರೆಯುತ್ತಾ, ಮತ್ತೆ ಕೆರೆಯದೆ.